ಎಣಿಕೆಯಲ್ಲಿ ಒಂದು

ಮುಂಬಯಿಯ ಪರೇಲ್‌ನಲ್ಲಿ 1941ರಲ್ಲಿ ಆರಂಭವಾದ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಕ್ಯಾನ್ಸರ್ ಸಂಶೋಧನೆ ಎಷ್ಟೆಂದು ತಿಳಿಯಲು ನಾನೂ ಪ್ರಕಟಿತ ಪ್ರಬಂಧಗಳನ್ನು ಎಣಿಸುತ್ತ ಕೂತಿದ್ದೆ. 1964ರಲ್ಲಿ ಯೂಜೀನ್ ಗಾರ್ಫೀಲ್ಡ್ ವಿಜ್ಞಾನ ಲೇಖನಗಳ ಉಲ್ಲೇಖಸೂಚಿ ತಂದಮೇಲೆ ಇಂಥ ಎಣಿಕೆ ಸಲೀಸಾಯಿತು.

2014ರ ಸಾಲಿನಲ್ಲಿ ಪೆನ್ಸಿಲ್ ನಿಂತಿತು. 1998ರಿಂದ ಮುಂಬಯಿಯ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ನಡುವೆ ನಡೆದ ಅಧ್ಯಯನವದು. ಅವರಲ್ಲಿ ಅರ್ಧದಷ್ಟು ಜನರಿಗೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನೇ ಹಚ್ಚಿ ಗರ್ಭಕಂಠ ಪರೀಕ್ಷಿಸಿದರು. ಉಳಿದವರಿಗಿಂತ ಇವರಲ್ಲಿ ಆ ಕ್ಯಾನ್ಸರಿನ ಸಾವು ಶೇ. 31 ಕಡಿಮೆ. ಉಳಿದವರಿಗೇಕೆ ಪರೀಕ್ಷೆ ಮಾಡಲಿಲ್ಲ ಎಂಬ ಆಕ್ಷೇಪವೂ ಎದ್ದಿತು. ಅದನ್ನು ಸುಲಭಕ್ಕೆ ತಳ್ಳಿಹಾಕಲು ನನಗಾಗದು.

ನನ್ನ ಪಟ್ಟಿಯಲ್ಲಿ ಇಷ್ಟಕ್ಕೂ ಬಿದ್ದದ್ದು ಒಂದೇ ಗೆರೆ. ಒಬ್ಬ ರೋಗಿಯ ಬಗ್ಗೆ ಬರೆದ ಎರಡು ಪುಟದ ವರದಿಗೂ ಒಂದೇ.