ಆಂಟೆನಾದಿಂದ ಆ್ಯಪ್‌ವರೆಗೆ: ದುರ್ಗದ ಸೀಮೆಯ ಟೀವಿ ಕಥೆ

ಪತ್ರಿಕೋದ್ಯಮ ಓದುವಾಗ ನಾವೆಲ್ಲ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದ ಒಂದು ಉತ್ತರವಿದೆ: ‘ಸೈಟ್’ ಪ್ರಯೋಗ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಟೀವಿ ನೋಡಿದವು. ಊರಿಗೊಂದೇ ಪೆಟ್ಟಿಗೆ, ಅದರ ಮುಂದೆ ಊರಿಗೆ ಊರೇ. ಕರ್ನಾಟಕದಲ್ಲಿ ಆ ಅವಕಾಶ ಸಿಕ್ಕಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಭಾಗದ ಹಳ್ಳಿಗಳಿಗೆ. ಚಿತ್ರದುರ್ಗ ಆ ಪಟ್ಟಿಯಲ್ಲಿ ಇರಲಿಲ್ಲ.

ಇವತ್ತು ಹೊಳಲ್ಕೆರೆಯ ಅಡಿಕೆ ತೋಟದ ಮನೆಯಲ್ಲೂ ಗೋಡೆಗೆ ಸ್ಮಾರ್ಟ್ ಟೀವಿ ನೇತುಹಾಕಿರುವುದನ್ನು ಕಾಣಬಹುದು. ಈ ಐವತ್ತು ವರ್ಷಗಳಲ್ಲಿ ತೆರೆ ನಮಗೆ ಎಷ್ಟು ಹತ್ತಿರ ಬಂತು ಎಂದು ಎಲ್ಲರೂ ಹೇಳುತ್ತಾರೆ. ಅದೇ ಹೊತ್ತಿಗೆ ಅದರ ಕೀಲಿಕೈ ಎಷ್ಟು ದೂರ ಹೋಯಿತು ಎಂಬ ಲೆಕ್ಕವನ್ನು ನಾವಿಲ್ಲಿ ಹಾಕಲು ಹೊರಟಿದ್ದೇವೆ.

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಗಿದ್ದು 1981ರ ನವೆಂಬರ್ 1ರಂದು. ಬೆಂಗಳೂರಿನಿಂದ ಹಿರಿಯೂರು ಸುಮಾರು 160 ಕಿಲೋಮೀಟರ್, ಚಿತ್ರದುರ್ಗ 200. ಟೀವಿ ಅಲೆಗಳು ಹೆಚ್ಚುಕಡಿಮೆ ನೇರ ಸಾಗುವಂಥವು. ಅಷ್ಟು ದೂರ ಬರುವಷ್ಟರಲ್ಲಿ ಸೋತುಹೋಗುತ್ತವೆ, ನಡುವೆ ಗುಡ್ಡ ಅಡ್ಡ ಬಂದರೆ ಮುಗಿದೇ ಹೋಯಿತು. 1983ರಲ್ಲಿ ಇನ್ಸಾಟ್-1ಬಿ ಹಾರಿದ ಮೇಲೆ ದೇಶದ ಉದ್ದಗಲಕ್ಕೂ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ಎದ್ದವು. ಅವು ಹೊತ್ತು ತಂದದ್ದು ಬಹುಪಾಲು ದೆಹಲಿಯ ಹಿಂದಿಯನ್ನು. 1987ರಲ್ಲಿ ‘ರಾಮಾಯಣ’ ಬಂದಾಗ ಹಿಂದಿ ಗೊತ್ತಿಲ್ಲದ ಅಜ್ಜಿಯರೂ ಕೂತು ನೋಡಿದರು. ಕಥೆ ಗೊತ್ತಿತ್ತು, ಭಾಷೆ ಬೇಕಾಗಲಿಲ್ಲ.

ಆ ಕಾಲದಲ್ಲಿ ಟೀವಿ ಕೆಟ್ಟರೆ ಮಾಡುವ ಕೆಲಸ ಮನೆಯವರ ಕೈಯಲ್ಲೇ ಇತ್ತು. ಒಬ್ಬರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸಬೇಕು, ಇನ್ನೊಬ್ಬರು ಒಳಗಿನಿಂದ ‘ಬಂತು, ಬಂತು, ಹೋಯ್ತು’ ಎಂದು ಕೂಗಬೇಕು. ಚಿತ್ರ ಮಸುಕಾಗಿದ್ದರೂ ತಿಂಗಳ ಬಾಡಿಗೆ ಇರಲಿಲ್ಲ.

ತೊಂಬತ್ತರ ದಶಕದಲ್ಲಿ ಕೇಬಲ್ ಬಂತು. 1994ರ ಜೂನ್‌ನಲ್ಲಿ ಉದಯ ಟೀವಿ ಶುರುವಾದಾಗ ಕನ್ನಡಕ್ಕೊಂದು ಖಾಸಗಿ ಚಾನೆಲ್ ಸಿಕ್ಕಿತು. ಕೀಲಿಕೈ ಮಾಳಿಗೆಯಿಂದ ಇಳಿದು ಬೀದಿಯ ಕೇಬಲ್‌ನವರ ಕೈಗೆ ಹೋಯಿತು. ಆದರೆ ಅವರು ನಮ್ಮೂರಿನವರೇ. ಸಿಗ್ನಲ್ ಹೋದರೆ ಅಂಗಡಿ ಮುಂದೆ ನಿಂತು ಜಗಳ ಆಡಬಹುದಿತ್ತು, ದುಡ್ಡಿಲ್ಲದಿದ್ದರೆ ‘ಮುಂದಿನ ತಿಂಗಳು ಕೊಡ್ತೀವಣ್ಣ’ ಎನ್ನಬಹುದಿತ್ತು. ಜೊತೆಗೆ ಕೇಬಲ್‌ನ ಲೋಕಲ್ ಚಾನೆಲ್. ಊರ ತೇರು, ಶಾಲೆಯ ವಾರ್ಷಿಕೋತ್ಸವ, ಚುನಾವಣೆ ಭಾಷಣ ಅದರಲ್ಲಿ ಬರುತ್ತಿದ್ದವು. ರೇಡಿಯೊದಲ್ಲಿ ನಮಗೆ ಆಕಾಶವಾಣಿ ಚಿತ್ರದುರ್ಗ ಇದ್ದಂತೆ, ಟೀವಿಯಲ್ಲಿ ನಮ್ಮ ಮುಖ ನಮಗೇ ಕಂಡದ್ದು ಈ ಚಾನೆಲ್‌ಗಳಲ್ಲಿ.

2011ರ ತಿದ್ದುಪಡಿ ಕಾಯ್ದೆ ಕೇಬಲ್ಲನ್ನು ಡಿಜಿಟಲ್ ಮಾಡಲು ಹೇಳಿತು. ಸಣ್ಣ ಊರು, ಹಳ್ಳಿಗಳಿಗೆ ಕೊನೆಯ ಗಡುವು 2017ರ ಮಾರ್ಚ್ 31. ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. 2019ರ ಫೆಬ್ರುವರಿಯಿಂದ ಚಾನೆಲ್‌ಗಳನ್ನು ಆರಿಸಿ ದುಡ್ಡು ಕೊಡುವ ಪದ್ಧತಿ ಬಂತು. ಹಣ ಕಟ್ಟದಿದ್ದರೆ ಸಂಪರ್ಕ ಕಡಿಯಲು ಈಗ ಕಂಬ ಹತ್ತಬೇಕಿಲ್ಲ, ದೂರದ ಊರಿನ ಕಂಪ್ಯೂಟರ್ ಸಾಕು. ಇದರಿಂದ ತಪ್ಪಿಸಿಕೊಂಡವರು 2004ರಲ್ಲಿ ಸರ್ಕಾರ ಆರಂಭಿಸಿದ, ಈಗ ಡಿಡಿ ಫ್ರೀ ಡಿಶ್ ಎನ್ನುವ ಉಚಿತ ಸೇವೆಯ ಮನೆಗಳವರು.

ನಿಜವಾದ ತಿರುವು 2016ರ ಸೆಪ್ಟೆಂಬರ್ 5ರದು. ಜಿಯೊ ಬಂದು ಡೇಟಾ ಅಗ್ಗವಾಯಿತು. ಇದರ ಲಾಭವನ್ನು ಸಣ್ಣದು ಮಾಡಲಾಗದು. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ, 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಆ ದೃಶ್ಯ ಮೊಬೈಲ್‌ನಿಂದ ಮೊಬೈಲ್‌ಗೆ ಹರಿಯಿತು. ಯಾವ ದೊಡ್ಡ ಚಾನೆಲ್‌ನ ಕ್ಯಾಮೆರಾಕ್ಕೂ ಕಾಯಬೇಕಾಗಲಿಲ್ಲ.

ಆದರೆ ಕನ್ನಡದ ಪಾಲು? 2020ರ ಲಾಕ್‌ಡೌನ್‌ನಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಂದಾಗ ಬಾಗಿಲು ತೆರೆಯಿತು ಅನ್ನಿಸಿತ್ತು. 2024ರಲ್ಲಿ ‘ಏಕಂ’ ಎಂಬ ಕನ್ನಡ ವೆಬ್ ಸರಣಿಯನ್ನು ಕೊಳ್ಳಲು ದೊಡ್ಡ ವೇದಿಕೆಗಳು ಮುಂದೆ ಬರಲಿಲ್ಲ. ರಕ್ಷಿತ್ ಶೆಟ್ಟಿಯವರ ಸಂಸ್ಥೆ ತನ್ನದೇ ಜಾಲತಾಣ ಮಾಡಿ ಬಿಡುಗಡೆ ಮಾಡಬೇಕಾಯಿತು. ಕನ್ನಡದ ಕಥೆಗೇ ಹೀಗಾದರೆ ಹೊಸದುರ್ಗದ ತೇರಿಗೆ ಯಾವ ಆ್ಯಪ್‌ನಲ್ಲಿ ಜಾಗ?

ಇನ್ನು ಸ್ಮಾರ್ಟ್ ಮನೆಯ ಮಾತು. ಜಾಹೀರಾತಿನಲ್ಲಿ ಅದೆಂದರೆ ಮಾತಿಗೆ ಹೊತ್ತಿಕೊಳ್ಳುವ ದೀಪ. ನಮ್ಮ ಸೀಮೆಯಲ್ಲಿ ಈ ತಂತ್ರಜ್ಞಾನ ಮೊದಲು ಹೊಕ್ಕಿದ್ದು ಹಜಾರಕ್ಕಲ್ಲ, ಪಂಪ್‌ಹೌಸಿಗೆ. ತ್ರೀ ಫೇಸ್ ಕರೆಂಟ್ ಸರಿರಾತ್ರಿ ಬಂದರೆ ರೈತ ಟಾರ್ಚ್ ಹಿಡಿದು ತೋಟಕ್ಕೆ ಓಡಬೇಕು. ದಾರಿಯಲ್ಲಿ ಹಾವು, ಗುಡ್ಡದ ಅಂಚಿನ ಊರುಗಳಲ್ಲಿ ಕರಡಿ, ಚಿರತೆ. ಮೊಬೈಲ್ ಸ್ಟಾರ್ಟರ್ ಈ ಓಟ ತಪ್ಪಿಸಿತು. ಸ್ಟಾರ್ಟರ್ ಪೆಟ್ಟಿಗೆಗೆ ಜೋಡಿಸಿದ ಸಾಧನದಲ್ಲೊಂದು ಸಿಮ್. ಮನೆಯಿಂದ ಕರೆ ಮಾಡಿದರೆ ಮೋಟಾರು ಶುರು, ಬೋರಿನಲ್ಲಿ ನೀರು ನಿಂತರೆ ಮೋಟಾರೂ ಬಂದ್. ಪುಣೆಯ ಸಂತೋಷ್ ಓಸ್ತವಾಲ್ ರೂಪಿಸಿದ ‘ನ್ಯಾನೋ ಗಣೇಶ್’ ಇಂಥ ಸಾಧನಗಳಲ್ಲಿ ಹೆಸರಾದದ್ದು. ಇದಕ್ಕೆ ಇಂಗ್ಲಿಷ್ ಬೇಕಿಲ್ಲ, ಇಂಟರ್ನೆಟ್ಟೂ ಬೇಕಿಲ್ಲ. ಕೆಟ್ಟರೆ ಪೇಟೆಯ ಎಲೆಕ್ಟ್ರಿಷಿಯನ್ ಬಿಚ್ಚಿ ನೋಡುತ್ತಾನೆ.

ಹಜಾರದ ಸ್ಮಾರ್ಟ್ ಸಾಧನಗಳ ಗುಣ ಬೇರೆ. ಗೂಗಲ್‌ನ ಧ್ವನಿ ಹುಡುಕಾಟ 2017ರಲ್ಲಿ ಕನ್ನಡ ಕಲಿತದ್ದು ದೊಡ್ಡ ಹೆಜ್ಜೆಯೇ. ಆದರೆ ಪುಸ್ತಕದ ಕನ್ನಡಕ್ಕೆ ಓಗೊಡುವ ಯಂತ್ರ ನಮ್ಮ ‘ಹೋಗ್ತೀನ್ರಪ್ಪಾ’ಗೂ ಓಗೊಡಬೇಕಲ್ಲ! ಜೊತೆಗೆ ಸ್ಮಾರ್ಟ್ ಟೀವಿ ನಾವು ನೋಡುವುದನ್ನು ತಾನೂ ನೋಡಬಲ್ಲದು. 2017ರಲ್ಲಿ ಅಮೆರಿಕದ ವಿಜಿಯೊ ಕಂಪನಿ, ವೀಕ್ಷಕರಿಗೆ ಸರಿಯಾಗಿ ತಿಳಿಸದೆ ಅವರು ನೋಡಿದ್ದನ್ನೆಲ್ಲ ದಾಖಲಿಸಿದ ಪ್ರಕರಣದಲ್ಲಿ 22 ಲಕ್ಷ ಡಾಲರ್ ತೆತ್ತಿತು. ನಮ್ಮಲ್ಲೂ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿದೆ. ಆದರೆ ಒಪ್ಪಿಗೆ ಕೇಳುವ ಆ ಪರದೆ ಇಂಗ್ಲಿಷಿನಲ್ಲಿದ್ದರೆ ‘ಒಪ್ಪಿದ್ದೇನೆ’ ಒತ್ತಿದವರು ಯಾವುದಕ್ಕೆ ಒಪ್ಪಿದರು?

ಹಾಗಂತ ಆಂಟೆನಾ ಕಾಲಕ್ಕೆ ಮರಳೋಣ ಎಂದು ನಾವು ಹೇಳುತ್ತಿಲ್ಲ. ಹಲವೆಡೆ ಹಳೆಯ ಕೇಬಲ್‌ನವರೇ ಈಗ ಅದೇ ಕಂಬಗಳ ಮೇಲೆ ಫೈಬರ್ ಎಳೆದು ಇಂಟರ್ನೆಟ್ ಕೊಡುತ್ತಿದ್ದಾರೆ. ತಂತಿ ತುಂಡಾದರೆ ಕೇಳುವ ಮುಖ ಊರಲ್ಲೇ ಇದೆ. ತಂತಿಯೊಳಗೆ ಹರಿಯುವುದರ ಬಗ್ಗೆ ಕೇಳಲು ಮಾತ್ರ ಯಾರೂ ಇಲ್ಲ. ಆ ಮುಖಗಳೂ, ನಮ್ಮಂಥ ಪತ್ರಿಕೋದ್ಯಮ ಓದಿದವರೂ ಸೇರಿದರೆ ಹಳೆಯ ಲೋಕಲ್ ಚಾನೆಲ್ ಯೂಟ್ಯೂಬ್‌ನಲ್ಲಿ ಮತ್ತೆ ಹುಟ್ಟಬಹುದು. ಗ್ರಾಮಸಭೆಯ ಚರ್ಚೆ, ಎಪಿಎಂಸಿಯ ಧಾರಣೆ, ಕೆರೆಯ ನೀರಿನ ಮಟ್ಟ ಅಲ್ಲಿ ದಿನವೂ ಸಿಗಬಹುದು.

ಅಲ್ಲಿಯವರೆಗೆ, ಹೊಸ ಟೀವಿ ಕೊಳ್ಳಲು ಪೇಟೆಗೆ ಹೋದಾಗ ಇಂಚಿನ ಜೊತೆ ಇನ್ನೂ ಮೂರು ಪ್ರಶ್ನೆ ಕೇಳಿ. ನೆಟ್ ಇಲ್ಲದ ದಿನ ಇದರಲ್ಲಿ ಏನು ಬರುತ್ತದೆ? ಕನ್ನಡದಲ್ಲಿ ಹೇಳಿದರೆ ಕೇಳುತ್ತದೆಯೇ? ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ, ಎಲ್ಲಿಂದ?