ಎರಡು ಅಸ್ಥಿರೋಗಗಳ ಚರಿತ್ರೆ

ಮನುಷ್ಯನ ಎಲುಬು ಕಲ್ಲಿನಂತೆ ಜಡವಾದ ವಸ್ತುವೆಂದು ಸಾಮಾನ್ಯವಾಗಿ ಜನರು ಭಾವಿಸುವರು. ವಾಸ್ತವವಾಗಿ ಅದು ಸದಾ ಜೀರ್ಣೋದ್ಧಾರವಾಗುತ್ತಿರುವ ದೇಗುಲದಂತಿದೆ. ಹಳೆಯ ಅಂಶವು ಕರಗುತ್ತ, ಹೊಸದು ಕೂಡುತ್ತ ಇರುವುದು. ಈ ಕಾರ್ಯವು ಹದತಪ್ಪುವುದರಿಂದ ಉಂಟಾಗುವ ಎರಡು ರೋಗಗಳನ್ನು ವಿಂಗಡಿಸಲು ವೈದ್ಯಶಾಸ್ತ್ರಕ್ಕೆ ಅರ್ಧ ಶತಮಾನವೇ ಬೇಕಾಯಿತು.

ಲಂಡನ್ನಿನ ಶಸ್ತ್ರವೈದ್ಯರಾದ ಸರ್ ಜೇಮ್ಸ್ ಪ್ಯಾಜೆಟ್ಟರು 1876ರಲ್ಲಿ ತಮ್ಮ ರೋಗಿಯೊಬ್ಬನ ವೃತ್ತಾಂತವನ್ನು ವಿದ್ವತ್ಸಭೆಯ ಮುಂದಿಟ್ಟರು. ಅವರು ಆತನನ್ನು ಮೊದಲು ಕಂಡುದು 1856ರಲ್ಲಿ. ಅಲ್ಲಿಂದ ಇಪ್ಪತ್ತು ವರುಷಗಳಲ್ಲಿ ಆತನ ಕಾಲಿನ ಎಲುಬುಗಳು ದಪ್ಪವಾಗಿ ಬಾಗಿದುವು, ತಲೆಬುರುಡೆಯು ಬೆಳೆಯಿತು. 1844ರಲ್ಲಿ 22½ ಅಂಗುಲವಿದ್ದ ಟೋಪಿಯ ಸುತ್ತಳತೆಯು 1876ರಲ್ಲಿ 27¼ ಅಂಗುಲವಾಗಿದ್ದಿತು. ಈ ರೋಗಕ್ಕೆ ಮುಂದೆ ಪ್ಯಾಜೆಟ್ಟರ ಹೆಸರೇ ನಿಂತಿತು.

1891ರಲ್ಲಿ ಸ್ಟ್ರಾಸ್‌ಬರ್ಗಿನ ಫಾನ್ ರೆಕ್ಲಿಂಗ್‌ಹೌಸೆನ್ನರು, ಸುಣ್ಣದ ಅಂಶವು ಕರಗಿ ನಾರೂ ನೀರ್ಗುಳ್ಳೆಗಳೂ ತುಂಬಿದ ಎಲುಬುಗಳನ್ನು ವರ್ಣಿಸಿದರು. ಆದರೆ ಇದನ್ನೂ ಪ್ಯಾಜೆಟ್ಟರ ರೋಗವನ್ನೂ ಅವರು ಒಂದೇ ಹೆಸರಿನಡಿ ತಂದರು. ಇದರಿಂದ ಗೊಂದಲವು ಬಹುಕಾಲ ಬೇರೂರಿತು.

ಈ ಎರಡನೆಯ ರೋಗದ ಮೂಲವು ಎಲುಬಿನಲ್ಲಿರದೆ ಕೊರಳಿನಲ್ಲಿದ್ದಿತು. ಲಂಡನ್ನಿನ ಮೃಗಾಲಯದಲ್ಲಿ ಮಡಿದ ಭಾರತದ ಖಡ್ಗಮೃಗವೊಂದನ್ನು ಸೀಳಿ ನೋಡಿದ ರಿಚರ್ಡ್ ಓವೆನ್ನರು ಅದರ ಕೊರಳಿನ ಚಿಕ್ಕ ಹಳದಿಯ ಗ್ರಂಥಿಯೊಂದನ್ನು 1850ರಲ್ಲಿ ವಿವರಿಸಿದ್ದರು. ಸ್ವೀಡನ್ನಿನ ಈವಾರ್ ಸಾಂಡ್‌ಸ್ಟ್ರಮ್ಮರು ಅಂತಹ ಗ್ರಂಥಿಗಳು ಮನುಷ್ಯನಲ್ಲಿಯೂ ಇರುವುದನ್ನು 1880ರಲ್ಲಿ ಪ್ರಕಟಿಸಿದರು. ಇವೇ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಸಾಮಾನ್ಯವಾಗಿ ನಾಲ್ಕು, ಕಾಳಿನಷ್ಟು ಗಾತ್ರದವು.

ಎಲುಬು ಮೆದುವಾದ ಕೆಲವರಲ್ಲಿ ಈ ಗ್ರಂಥಿಗಳು ಉಬ್ಬಿರುವುದು ಮುಂದೆ ಕಂಡುಬಂದಿತು. ಇದು ರೋಗದ ಕಾರಣವೋ, ಪರಿಣಾಮವೋ? ವಿಯೆನ್ನಾದ ಎರ್ಡ್‌ಹೈಮರು ಪರಿಣಾಮವೆಂದರು. 1915ರಲ್ಲಿ ಷ್ಲಾಗೆನ್‌ಹೌಫರರು ಕಾರಣವೆಂದರು. ಅದೇ ನಗರದ ಫೆಲಿಕ್ಸ್ ಮಾಂಡ್ಲರು ಮೊದಲನೆಯ ಮತವನ್ನು ನಂಬಿ, ನಡೆಯಲಾರದ ಟ್ರಾಮ್ ನೌಕರನೊಬ್ಬನಿಗೆ ಅನ್ಯರ ಗ್ರಂಥಿಯನ್ನು ನಾಟಿದರು. ಗುಣವಾಗಲಿಲ್ಲ. 1925ರಲ್ಲಿ ಅದಕ್ಕೆ ವಿರುದ್ಧವಾಗಿ ಆತನ ಉಬ್ಬಿದ ಗ್ರಂಥಿಯನ್ನೇ ತೆಗೆದರು. ನೋವು ಇಳಿಯಿತು, ಆತನು ಮತ್ತೆ ನಡೆದಾಡಿದನು. ವರುಷಗಳ ತರುವಾಯ ರೋಗವು ಮರಳಿತೆಂಬುದು ನಿಜ. ಆದರೂ ಕಾರಣ ಯಾವುದೆಂಬುದು ಸಿದ್ಧವಾಯಿತು.

ಹೀಗೆ ಬೇರ್ಪಟ್ಟ ಎರಡು ರೋಗಗಳು ಒಬ್ಬನ ದೇಹದಲ್ಲಿಯೇ ಕೂಡಿ ಬರಬಾರದೆಂಬ ನಿಯಮವೇನೂ ಇಲ್ಲ. ಪ್ಯಾಜೆಟ್ಟರ ರೋಗದಲ್ಲಿ ರಕ್ತದ ಕ್ಯಾಲ್ಸಿಯಂ ಸಾಮಾನ್ಯವಾಗಿ ಏರುವುದಿಲ್ಲ. ಹಾಸಿಗೆ ಹಿಡಿದು ಬಹುದಿನ ಮಲಗಿದವರಲ್ಲಿ ಮಾತ್ರ ಏರಬಹುದು. ಓಡಾಡುತ್ತಿರುವ ರೋಗಿಯಲ್ಲಿ ಅದು ಏರಿದ್ದರೆ ಗ್ರಂಥಿಗಳನ್ನು ಶಂಕಿಸಬೇಕು. ಆ ಗ್ರಂಥಿಗಳ ರಸವನ್ನು ರಕ್ತದಲ್ಲಿ ಅಳೆಯುವ ವಿಧಾನವನ್ನು ಬರ್ಸನ್, ಯಾಲೋ ಮತ್ತು ಅವರ ಸಹೋದ್ಯೋಗಿಗಳು 1963ರಲ್ಲಿ ಪ್ರಕಟಿಸಿದುದರಿಂದ ಈ ಶಂಕೆಯನ್ನು ಪರೀಕ್ಷಿಸುವುದು ಸಾಧ್ಯವಾಯಿತು.

ಈ ವಿವೇಚನೆಯು ಕೇವಲ ಪಾಂಡಿತ್ಯದ ಮಾತಲ್ಲ. ಕೆಟ್ಟ ಗ್ರಂಥಿಯನ್ನು ತೆಗೆದರೆ ಕ್ಯಾಲ್ಸಿಯಂ ಇಳಿಯುವುದು, ಮೂತ್ರಪಿಂಡಗಳು ಉಳಿಯುವುವು. ಪ್ಯಾಜೆಟ್ಟರ ರೋಗಕ್ಕೆ ಬೇರೆ ಔಷಧವೇ ಬೇಕು. ಒಂದು ರೋಗದ ಹೆಸರು ದೊರೆತೊಡನೆ ಹುಡುಕುವುದನ್ನು ನಿಲ್ಲಿಸಿದರೆ, ಗುಣವಾಗಬಹುದಾದ ಇನ್ನೊಂದು ರೋಗವು ಅದರ ಮರೆಯಲ್ಲಿ ಬೆಳೆಯುತ್ತಲೇ ಇರುವುದು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ನಮ್ಮ ಹಿರಿಯರ ಮಾತು ಎಲುಬಿನ ವಿಷಯದಲ್ಲಿಯೂ ಸಲ್ಲುವುದು.