ಪ್ರವೇಶದಿಂದ ರಾಷ್ಟ್ರಪತಿ ಪುರಸ್ಕಾರದವರೆಗೆ



ಸ್ವಾತಂತ್ರ್ಯ ದಿನದ ಪಥಸಂಚಲನದಲ್ಲಿ ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ಹೆಜ್ಜೆ ಹಾಕುವ ಸ್ಕೌಟ್‌ಗಳನ್ನೂ ಗೈಡ್‌ಗಳನ್ನೂ ನೀವು ನೋಡಿದ್ದೀರಿ. ನಿಮ್ಮಲ್ಲಿ ಕೆಲವರು ಆ ಸಾಲಿನಲ್ಲೇ ನಡೆದಿರಬಹುದು. ಅವರೆಲ್ಲರ ಸಮವಸ್ತ್ರ ಒಂದೇ ಆದರೂ ಬ್ಯಾಡ್ಜುಗಳು ಬೇರೆ ಬೇರೆ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಸೋಪಾನವೆಂದರೆ ಮೆಟ್ಟಿಲು. ಈ ಮೆಟ್ಟಿಲುಗಳನ್ನು ಕಟ್ಟಿದವರು ಯಾರು? ಒಂದು ಕಾಲದಲ್ಲಿ ನಮ್ಮ ದೇಶದ ಮಕ್ಕಳಿಗೆ ಇದರ ಮೊದಲ ಮೆಟ್ಟಿಲ ಮೇಲೂ ಕಾಲಿಡುವ ಅವಕಾಶವಿರಲಿಲ್ಲ ಎಂಬುದು ನಿಮಗೆ ಗೊತ್ತೇ?

ಕಥೆ ಆರಂಭವಾಗುವುದು ಇಂಗ್ಲೆಂಡಿನಲ್ಲಿ. ರಾಬರ್ಟ್ ಬೇಡನ್ ಪೊವೆಲ್ ಬ್ರಿಟಿಷ್ ಸೇನೆಯ ಅಧಿಕಾರಿ. 1899ರಿಂದ 1900ರವರೆಗೆ ದಕ್ಷಿಣ ಆಫ್ರಿಕದ ಮಾಫೆಕಿಂಗ್ ಪಟ್ಟಣ 217 ದಿನ ಶತ್ರುಗಳ ಮುತ್ತಿಗೆಯಲ್ಲಿದ್ದಾಗ ಅದರ ರಕ್ಷಣೆಯ ಹೊಣೆ ಈತನದಾಗಿತ್ತು. ಅಲ್ಲಿ ಚಿಕ್ಕ ಹುಡುಗರ ಒಂದು ದಳ ಸಂದೇಶಗಳನ್ನು ಒಯ್ಯುವ ಕೆಲಸ ಮಾಡುತ್ತಿತ್ತು. ಹೊಣೆ ವಹಿಸಿದರೆ ಹುಡುಗರು ಅದನ್ನು ನಿಭಾಯಿಸುತ್ತಾರೆ ಎಂಬ ಈ ಅನುಭವ ಅವನ ಮನಸ್ಸಿನಲ್ಲಿ ಉಳಿಯಿತು. 1907ರ ಆಗಸ್ಟ್‌ನಲ್ಲಿ ಬ್ರೌನ್‌ಸೀ ಎಂಬ ಪುಟ್ಟ ದ್ವೀಪದಲ್ಲಿ ಸುಮಾರು 20 ಹುಡುಗರ ಶಿಬಿರ ನಡೆಸಿದ. ಶ್ರೀಮಂತರ ಮನೆಯವರೂ ಕೂಲಿಕಾರರ ಮಕ್ಕಳೂ ಒಂದೇ ಡೇರೆಯಲ್ಲಿದ್ದರು. ಮರುವರ್ಷ, 1908ರಲ್ಲಿ, ಅವನ 'ಸ್ಕೌಟಿಂಗ್ ಫಾರ್ ಬಾಯ್ಸ್' ಪುಸ್ತಕ ಕಂತುಗಳಲ್ಲಿ ಪ್ರಕಟವಾಯಿತು.

ಆ ಪುಸ್ತಕದಲ್ಲಿ ಮೂರು ಮೆಟ್ಟಿಲುಗಳಿದ್ದವು: ಟೆಂಡರ್‌ಫುಟ್, ಸೆಕೆಂಡ್ ಕ್ಲಾಸ್ ಮತ್ತು ಫಸ್ಟ್ ಕ್ಲಾಸ್. 1909ರಲ್ಲಿ ಇವುಗಳ ಮೇಲೆ 'ಕಿಂಗ್ಸ್ ಸ್ಕೌಟ್' ಎಂಬ ಇನ್ನೊಂದು ಮೆಟ್ಟಿಲು ಸೇರಿತು. ಪರೀಕ್ಷೆಗಳು ಹೇಗಿದ್ದವು ಗೊತ್ತೇ? ಪ್ರಶ್ನೆಪತ್ರಿಕೆ ಇಲ್ಲ, ಬಾಯಿಪಾಠ ತೀರಾ ಕಡಿಮೆ. ಎರಡಕ್ಕಿಂತ ಹೆಚ್ಚು ಬೆಂಕಿಕಡ್ಡಿ ಗೀರದೆ ಒಲೆ ಹೊತ್ತಿಸಬೇಕು. ಹನ್ನೆರಡು ನಿಮಿಷದಲ್ಲಿ ಒಂದು ಮೈಲಿ ದಾಟಬೇಕು. ಉಳಿತಾಯ ಖಾತೆಯಲ್ಲಿ ಕನಿಷ್ಠ ಆರು ಪೆನ್ಸ್ ಇರಬೇಕು. ಇವೆಲ್ಲ ಸೆಕೆಂಡ್ ಕ್ಲಾಸಿಗೆ.

ಫಸ್ಟ್ ಕ್ಲಾಸಿನ ಒಂದು ಪರೀಕ್ಷೆಯಂತೂ ವಿಜ್ಞಾನದ ವಿದ್ಯಾರ್ಥಿಗಳಿಗೆ ಇಷ್ಟವಾಗುವಂಥದು. ದೂರ, ಎತ್ತರ, ತೂಕ, ಸಂಖ್ಯೆಗಳನ್ನು ಅಂದಾಜು ಮಾಡಬೇಕು. ತಪ್ಪು ಶೇಕಡಾ 25ನ್ನು ಮೀರಬಾರದು. ಮರವನ್ನು ಹತ್ತದೆ ಅದರ ಎತ್ತರ ತಿಳಿಯುವುದು ಹೇಗೆ? ಐದು ಅಡಿಯ ಕೋಲನ್ನು ಬಿಸಿಲಿನಲ್ಲಿ ನೆಟ್ಟಗೆ ನಿಲ್ಲಿಸಿ. ಅದರ ನೆರಳು ನಾಲ್ಕು ಅಡಿ, ಅದೇ ಹೊತ್ತಿಗೆ ಮರದ ನೆರಳು 24 ಅಡಿ ಇದೆ ಎಂದುಕೊಳ್ಳಿ. ಮರದ ಎತ್ತರ 30 ಅಡಿ. ಸಮರೂಪ ತ್ರಿಭುಜಗಳ ಪಾಠ ಬಯಲಿನಲ್ಲೇ ಮುಗಿಯಿತು! ತಪ್ಪೇ ಆಗಬಾರದೆಂದು ಈ ಪರೀಕ್ಷೆ ಹೇಳಲಿಲ್ಲ. ಎಷ್ಟು ತಪ್ಪಬಹುದು ಎಂಬ ಮಿತಿಯನ್ನು ಹೇಳಿತು. ಅಳತೆಯ ವಿಜ್ಞಾನಕ್ಕೂ ಇದೇ ತಳಪಾಯ.

ಇನ್ನೊಂದು ಪರೀಕ್ಷೆಗೆ 'ಕಿಮ್ಸ್ ಗೇಮ್' ಎಂದು ಹೆಸರು. 24 ವಸ್ತುಗಳನ್ನು ಒಂದು ನಿಮಿಷ ನೋಡಿ, ಆಮೇಲೆ ಕನಿಷ್ಠ 16ನ್ನು ನೆನಪಿನಿಂದ ಹೇಳಬೇಕು. ಈ ಆಟ ಬಂದದ್ದು ರಡ್ಯಾರ್ಡ್ ಕಿಪ್ಲಿಂಗ್ 1901ರಲ್ಲಿ ಪ್ರಕಟಿಸಿದ 'ಕಿಮ್' ಕಾದಂಬರಿಯಿಂದ. ಕಾದಂಬರಿಯ ಕಥೆ ನಡೆಯುವುದು ಭಾರತದಲ್ಲಿ. ಕಿಮ್ ಈ ಆಟ ಕಲಿಯುವುದು ಶಿಮ್ಲಾದ ಒಂದು ಅಂಗಡಿಯಲ್ಲಿ. ಹೀಗೆ ಭಾರತದ ಹಿನ್ನೆಲೆಯ ಒಂದು ಆಟ ಲಂಡನ್ನಿನ ಹುಡುಗರ ಪರೀಕ್ಷೆಯಾಯಿತು. ಆದರೆ ಭಾರತದ ಹುಡುಗರಿಗೆ?

1909ರಲ್ಲಿ ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಕ್ಯಾಪ್ಟನ್ ಟಿ. ಎಚ್. ಬೇಕರ್ ಅದನ್ನು ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಆರಂಭಿಸಿದರು. ಹೆಮ್ಮೆ ಪಡುವ ಸಂಗತಿಯೇ. ಆದರೆ ಆ ದಿನಗಳಲ್ಲಿ ಸ್ಕೌಟ್ ದಳಗಳ ಬಾಗಿಲು ತೆರೆದದ್ದು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಹುಡುಗರಿಗೆ ಮಾತ್ರ. ಬಂಗಾಳದ ವಿಭಜನೆಯ ನಂತರ ಸ್ವದೇಶಿ ಚಳವಳಿ ಕಾವೇರಿದ್ದ ಕಾಲ ಅದು. ಭಾರತೀಯ ತರುಣರಿಗೆ ಜಾಡು ಹಿಡಿಯುವ, ಸಂಕೇತ ಕಳಿಸುವ, ಶಿಸ್ತಿನಿಂದ ಒಟ್ಟುಗೂಡುವ ವಿದ್ಯೆ ಕಲಿಸಿದರೆ ಏನಾದೀತೋ ಎಂಬ ಅಳುಕು ಆಳುವವರಿಗಿತ್ತು.

ಬಾಗಿಲು ತೆರೆಯದಿದ್ದಾಗ ನಮ್ಮವರು ಕೈಕಟ್ಟಿ ಕೂರಲಿಲ್ಲ, ತಮ್ಮದೇ ಮೆಟ್ಟಿಲು ಕಟ್ಟಿದರು. ಮದರಾಸಿನಲ್ಲಿ ಡಾ. ಆನಿ ಬೆಸೆಂಟ್ ಮತ್ತು ಜಿ. ಎಸ್. ಅರುಂಡೇಲ್ ಭಾರತೀಯ ಹುಡುಗರಿಗಾಗಿಯೇ ಸ್ಕೌಟ್ ಸಂಘ ಸ್ಥಾಪಿಸಿದರು. 1918ರಲ್ಲಿ ಅಲಹಾಬಾದಿನಲ್ಲಿ ಪಂಡಿತ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮತ್ತು ಶ್ರೀರಾಮ ಬಾಜಪೇಯಿ ಅವರ ಪ್ರಯತ್ನದಿಂದ ಸೇವಾ ಸಮಿತಿ ಸ್ಕೌಟ್ ಸಂಘ ಹುಟ್ಟಿತು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಹಲವು ಸಂಘಗಳು ಒಂದಾದವು. ಸೇವಾ ಸಮಿತಿ ಪ್ರತ್ಯೇಕವಾಗಿಯೇ ಉಳಿಯಿತು.

ಒಂದಾದದ್ದೂ ಬಹುಕಾಲ ಬಾಳಲಿಲ್ಲ. 1937ರಲ್ಲಿ ಬೇಡನ್ ಪೊವೆಲ್ ಭಾರತೀಯರ ಚಾರಿತ್ರ್ಯದ ಬಗ್ಗೆ ಆಡಿದ ಮಾತುಗಳು ಪತ್ರಿಕೆಗಳಲ್ಲಿ ಬಂದು ಇಲ್ಲಿ ತೀವ್ರ ಅಸಮಾಧಾನ ಎದ್ದಿತು. ಚಾರಿತ್ರ್ಯ ಕಟ್ಟುವುದೇ ಚಳವಳಿಯ ಗುರಿಯಾಗಿರುವಾಗ ಇಡೀ ಒಂದು ಜನತೆಗೆ ಅದೇ ಇಲ್ಲವೆಂದರೆ ಹೇಗೆ? ಅನೇಕರು ಹೊರಬಂದರು. 1938ರಲ್ಲಿ ಹಿಂದೂಸ್ತಾನ್ ಸ್ಕೌಟ್ ಸಂಘ ರೂಪುಗೊಂಡಿತು.

ಸ್ವಾತಂತ್ರ್ಯದ ನಂತರವೂ ದೇಶದಲ್ಲಿ ಹಲವು ಸ್ಕೌಟ್ ಸಂಘಗಳಿದ್ದವು. ಪ್ರಧಾನಿ ನೆಹರೂ, ಶಿಕ್ಷಣ ಸಚಿವ ಮೌಲಾನಾ ಆಜಾದ್, ಕುಂಜ್ರು, ಮಂಗಲದಾಸ್ ಪಕ್ವಾಸಾ, ನ್ಯಾಯಮೂರ್ತಿ ವಿವಿಯನ್ ಬೋಸ್ ಮುಂತಾದವರ ಪ್ರಯತ್ನದಿಂದ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಅಸ್ತಿತ್ವಕ್ಕೆ ಬಂದಿತು. 1951ರ ಆಗಸ್ಟ್ 15ರಂದು ಹುಡುಗಿಯರ ಗೈಡ್ ಸಂಘವೂ ಅದರೊಳಗೆ ಸೇರಿತು.

ಈಗ ಮೆಟ್ಟಿಲುಗಳ ಹೆಸರನ್ನು ಇನ್ನೊಮ್ಮೆ ಗಮನಿಸಿ. ಬ್ರಿಟನ್ನಿನ ಅತ್ಯುನ್ನತ ಬ್ಯಾಡ್ಜ್ ಇಂದಿಗೂ ಸಿಂಹಾಸನದ ಹೆಸರಿನದು. ರಾಣಿ ಎಲಿಜಬೆತ್ ಕಾಲದಲ್ಲಿ 'ಕ್ವೀನ್ಸ್ ಸ್ಕೌಟ್' ಆಗಿದ್ದದ್ದು 2022ರಲ್ಲಿ ಮತ್ತೆ 'ಕಿಂಗ್ಸ್ ಸ್ಕೌಟ್' ಆಯಿತು. ನಮ್ಮಲ್ಲಿ ಆ ಜಾಗದಲ್ಲಿರುವುದು ರಾಷ್ಟ್ರಪತಿ, ಅಂದರೆ ಜನರ ಪ್ರತಿನಿಧಿಗಳು ಆರಿಸಿದ ವ್ಯಕ್ತಿ. ನಮ್ಮ ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ದೊಡ್ಡಬಳ್ಳಾಪುರದಲ್ಲಿರುವ ಸ್ಕೌಟ್ಸ್ ಗೈಡ್ಸ್ ಉದ್ಯಾನಕ್ಕೆ ಆನಿ ಬೆಸೆಂಟ್ ಹೆಸರಿದೆ. ಮಕ್ಕಳಿಗೆ ಬಾಗಿಲು ತೆರೆದವರನ್ನು ನೆನೆಯುವ ರೀತಿ ಇದು.

ಪುರಸ್ಕಾರದಿಂದ ಲಾಭವಿಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಇದೆ. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಗೈಡ್ಸ್ ಕೋಟಾ ಇರುವುದು ನಿಮ್ಮಲ್ಲಿ ಹಲವರಿಗೆ ತಿಳಿದೇ ಇರುತ್ತದೆ. ಲಾಭ ಬಯಸುವುದು ತಪ್ಪಲ್ಲ. ಆದರೆ ಪ್ರಮಾಣಪತ್ರವನ್ನೇ ಗುರಿಯಾಗಿಸಿಕೊಂಡು ಲಾಗ್ ಪುಸ್ತಕ ತುಂಬಿಸಿದರೆ, ಗಂಟು ಕಟ್ಟಲು ಬಾರದ ಕೈಗೂ ಬ್ಯಾಡ್ಜ್ ಸಿಕ್ಕೀತು. ಆಗ ಮೋಸ ಹೋಗುವವರು ಯಾರು? ಅಪಘಾತದ ಸ್ಥಳದಲ್ಲಿ ರಕ್ತ ಸುರಿಯುತ್ತಿರುವ ಗಾಯಾಳುವಿಗೆ ನಿಮ್ಮ ಪ್ರಮಾಣಪತ್ರದಿಂದ ಪಟ್ಟಿ ಕಟ್ಟಲಾಗುವುದಿಲ್ಲ.

1908ರ ಫಸ್ಟ್ ಕ್ಲಾಸ್ ಪಟ್ಟಿಯಲ್ಲಿ ಇನ್ನೂ ಒಂದು ನಿಯಮವಿತ್ತು. ಮೇಲೇರಬಯಸುವವನು ತಾನೇ ತರಬೇತಿ ಕೊಟ್ಟ ಒಬ್ಬ ಹೊಸಬನನ್ನು ಕರೆತರಬೇಕು. ಒಬ್ಬನನ್ನಾದರೂ ಮೊದಲ ಮೆಟ್ಟಿಲಿಗೆ ಹತ್ತಿಸದೆ ತಾನು ಮೇಲಿನ ಮೆಟ್ಟಿಲು ಹತ್ತುವಂತಿಲ್ಲ! ಇದನ್ನು ಬರೆದ ಚಳವಳಿಯೇ ನಮ್ಮ ಮಕ್ಕಳನ್ನು ಹೊರಗಿಟ್ಟದ್ದು ಇತಿಹಾಸದ ವ್ಯಂಗ್ಯ. ಆ ನಿಯಮವನ್ನು ನಿಜ ಮಾಡಿ ತೋರಿಸಿದವರು ಮದರಾಸು, ಅಲಹಾಬಾದುಗಳಲ್ಲಿ ಹೊಸ ದಳ ಕಟ್ಟಿದವರು.

ನಿಮ್ಮ ಶಾಲೆಯ ದಳವನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಸಮವಸ್ತ್ರಕ್ಕೆ ಹಣವಿಲ್ಲವೆಂದೋ, ಸಂಜೆ ಮನೆಗೆಲಸವಿದೆಯೆಂದೋ ಹೊರಗೆ ಉಳಿದ ಗೆಳೆಯನೋ ಗೆಳತಿಯೋ ಇದ್ದಾರೆಯೇ? ನಿಮ್ಮ ಮುಂದಿನ ಸೋಪಾನ ಅವರ ಮನೆಯ ಹೊಸಿಲಿನಿಂದಲೇ ಆರಂಭವಾಗಲಿ.